ಪುರಸಭೆಯ ಕರೆಂಟ್ ಒಪ್ಪಂದ, ಕೋರ್ಟ್ ವಕೀಲರು: ತೀರ್ಮಾನ ಯಾರ ಕೈಲಿದೆ?

ಪ್ರಶ್ನೆ: ಬೆಂಗಳೂರಿನ ಬಾಡಿಗೆ ತಾಳಲಾರದೆ ಆನೇಕಲ್ ತಾಲ್ಲೂಕಿನ ಒಂದು ಪುರಸಭೆ ವ್ಯಾಪ್ತಿಯಲ್ಲಿ ಮನೆ ಮಾಡಿದ್ದೇವೆ. ನಮ್ಮ ವಾರ್ಡಿನ ಸದಸ್ಯರು ಕಳೆದ ಸಾಮಾನ್ಯ ಸಭೆಯ ನಡಾವಳಿ ತೋರಿಸಿದರು. ಹೊಸ ಬೋರ್‌ವೆಲ್‌ಗೆ ಕರೆಂಟ್ ಸಂಪರ್ಕ, ಬೀದಿ ದೀಪದ ಗುತ್ತಿಗೆ, ಜಾಗದ ಕೇಸಿಗೆ ವಕೀಲರು, ಮೂರಕ್ಕೂ 'ಸಭೆ ಅನುಮೋದಿಸಿತು' ಅಂತ ಒಂದೊಂದು ಸಾಲು, ಅಷ್ಟೇ. ಇದನ್ನೆಲ್ಲ ನಿಜವಾಗಿ ತೀರ್ಮಾನ ಮಾಡೋದು ಯಾರು? ನಾವು ಕೇಳಬಹುದಾ?

ಉತ್ತರ: ಕೇಳಬಹುದು, ಧಾರಾಳವಾಗಿ. ಆದರೆ ಎಲ್ಲಿ ಏನು ಕೇಳಬೇಕು ಅಂತ ಗೊತ್ತಿದ್ದರೆ ಒಳ್ಳೆಯದು.

ಮೊದಲು ಒಂದು ವಿಷಯ. ಬೆಂಗಳೂರು ನಗರದೊಳಗೆ ಇದ್ದವರಿಗೆ ನೀರು ಅಂದರೆ ಜಲಮಂಡಳಿ, ಕರೆಂಟ್ ಅಂದರೆ ಬೆಸ್ಕಾಂ. ನೀರಿನ ಬಿಲ್ಲಿಗೂ ಪಾಲಿಕೆಗೂ ಸಂಬಂಧವಿಲ್ಲ. ನಿಮ್ಮಂಥ ಊರುಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ. ಅಲ್ಲಿ ನಲ್ಲಿಗೆ ನೀರು ಬಿಡುವುದು ಸಾಮಾನ್ಯವಾಗಿ ಪುರಸಭೆಯದೇ ಕೆಲಸ. ಬೋರ್‌ವೆಲ್ ಮೋಟರ್ ಓಡಿಸುವ ಕರೆಂಟಿಗೆ ಪುರಸಭೆಯೂ ಬೆಸ್ಕಾಂನ ಗ್ರಾಹಕ, ನಿಮ್ಮ ಮನೆಯ ಹಾಗೆ. ಮೀಟರ್ ಇದೆ, ಆರ್‌ಆರ್ ನಂಬರ್ (ಆ ಸಂಪರ್ಕದ ಗುರುತಿನ ನಂಬರ್) ಇದೆ, ಬಿಲ್ ಬರುತ್ತೆ.

ಈ ಕರೆಂಟ್ ಒಪ್ಪಂದದಲ್ಲಿ ದರದ ಚೌಕಾಸಿಗೆ ಜಾಗವೇ ಇಲ್ಲ. ದರ ಗೊತ್ತುಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಕುಡಿಯುವ ನೀರು ಮತ್ತು ಬೀದಿ ದೀಪಕ್ಕೆ ಎಲ್‌ಟಿ-6 ಅನ್ನುವ ಬೇರೆ ದರದ ವರ್ಗವೇ ಇದೆ. ಒಪ್ಪಂದದ ಫಾರಂ ಕೂಡ ಮೊದಲೇ ಅಚ್ಚಾಗಿರುತ್ತೆ. ಹಾಗಾಗಿ ಸಭೆಯಲ್ಲಿ ಅರ್ಧ ಗಂಟೆ ಚರ್ಚೆ ಆಗಲಿಲ್ಲ ಅಂತ ಬೇಜಾರಾಗಬೇಡಿ.

ದುಡ್ಡು ಸೋರುವುದು ಬೇರೆ ಕಡೆ. ಬೋರ್‌ವೆಲ್ ಬತ್ತಿತು ಅಂತಿಟ್ಟುಕೊಳ್ಳಿ. ಮೋಟರ್ ಎತ್ತಿ ಗೋಡೌನಿಗೆ ಹಾಕುತ್ತಾರೆ. ಸ್ಟಾರ್ಟರ್ ಡಬ್ಬಿ ಅಲ್ಲೇ ತುಕ್ಕು ಹಿಡಿಯುತ್ತೆ. ಆದರೆ ಸಂಪರ್ಕ ರದ್ದು ಮಾಡಿ ಅಂತ ಯಾರೂ ಅರ್ಜಿ ಕೊಟ್ಟಿಲ್ಲ. ಒಂದು ಯೂನಿಟ್ ಉರಿಯದಿದ್ದರೂ ಆ ಆರ್‌ಆರ್ ನಂಬರಿಗೆ ತಿಂಗಳು ತಿಂಗಳು ನಿಗದಿತ ಶುಲ್ಕ ಬೀಳುತ್ತಲೇ ಇರುತ್ತೆ. ಮಂಜೂರಾದ ಲೋಡ್ ಜಾಸ್ತಿ ಇದ್ದಷ್ಟೂ ಶುಲ್ಕವೂ ಜಾಸ್ತಿ. ಹೊಸ ಸಂಪರ್ಕಕ್ಕೆ ಕೈ ಎತ್ತುವ ಸದಸ್ಯರು 'ಹಳೆಯವು ಎಷ್ಟು ಸತ್ತಿವೆ, ಪಟ್ಟಿ ಕೊಡಿ' ಅಂತ ಕೇಳಿದರೆ ಸಾಕು, ಆ ಸಭೆಯ ಚಹಾ ಖರ್ಚು ಗಿಟ್ಟುತ್ತೆ.

ಬೀದಿ ದೀಪದ ಗುತ್ತಿಗೆ ಹಾಗಲ್ಲ. ಇಲ್ಲಿ ಷರತ್ತು ಬರೆಯುವುದು ಪುರಸಭೆ. ಪುರಸಭೆಯ ಆಡಳಿತ ನೋಡಿಕೊಳ್ಳುವ ಮುಖ್ಯಾಧಿಕಾರಿ ಒಂದು ಟಿಪ್ಪಣಿ ತಯಾರು ಮಾಡಿ ಸಭೆಯ ಮುಂದೆ ಇಡುತ್ತಾರೆ. ಸರ್ಕಾರಿ ಖರೀದಿ, ಗುತ್ತಿಗೆಗಳಿಗಿರುವ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಆಗಬೇಕು. ಕೆಟ್ಟ ದೀಪ ಎಷ್ಟು ದಿನದಲ್ಲಿ ಸರಿಯಾಗಬೇಕು, ಆಗದಿದ್ದರೆ ಬಿಲ್ಲಿನಲ್ಲಿ ಎಷ್ಟು ಕಡಿತ, ಉರಿಯುವ ದೀಪ ಎಣಿಸುವವರು ಯಾರು, ಇವೆಲ್ಲ ಒಪ್ಪಂದದಲ್ಲೇ ಇರಬೇಕು. ಗುತ್ತಿಗೆದಾರನೇ ಎಣಿಸಿ ಗುತ್ತಿಗೆದಾರನೇ ಬಿಲ್ ಹಾಕುವ ಹಾಗಿದ್ದರೆ ಕಡಿತದ ಷರತ್ತು ಸುಮ್ನೆ ಕಾಗದದ ಮೇಲೆ ಇದ್ದಂತೆ.

'ಎಲ್‌ಇಡಿ ಹಾಕುತ್ತೇವೆ, ಉಳಿತಾಯವಾದ ಕರೆಂಟ್ ದುಡ್ಡಿನಲ್ಲಿ ಪಾಲು ಕೊಡಿ' ಅನ್ನುವ ಒಪ್ಪಂದ ಬಂದರೆ ಇನ್ನೂ ಹುಷಾರಾಗಿರಬೇಕು. ಕೇಳಲು ಪುಕ್ಕಟೆ ಅನ್ನಿಸುತ್ತೆ. ಆದರೆ ಉಳಿತಾಯ ಎಷ್ಟು ಅನ್ನುವುದು ಮುಂಚೆ ಎಷ್ಟು ಉರಿಯುತ್ತಿತ್ತು ಅನ್ನುವುದರ ಮೇಲೆ ನಿಂತಿದೆ. ಹಳೆಯ ದೀಪಗಳಲ್ಲಿ ಅರ್ಧ ಕೆಟ್ಟು ನಿಂತಿದ್ದರೂ ಎಲ್ಲ ಉರಿಯುತ್ತಿದ್ದವು ಅಂತ ಲೆಕ್ಕ ಹಿಡಿದರೆ, ಕಾಗದದಲ್ಲಿ ಭರ್ಜರಿ ಉಳಿತಾಯ, ಬೆಸ್ಕಾಂ ಬಿಲ್ಲಿನಲ್ಲಿ ಏನೂ ಕಾಣದು. ಪಾಲು ಮಾತ್ರ ಕೊಡಲೇಬೇಕು. ಬೆಂಗಳೂರಿನಲ್ಲೇ ಪಾಲಿಕೆ ಸುಮಾರು 5 ಲಕ್ಷ ಬೀದಿ ದೀಪ ಬದಲಿಸಲು ಮಾಡಿಕೊಂಡಿದ್ದ ಇಂಥದೇ ಒಪ್ಪಂದ ಕೊನೆ ಮುಟ್ಟದೆ ರದ್ದಾಯಿತು. ಅಷ್ಟು ದೊಡ್ಡ ಕಚೇರಿಯ ಕಥೆಯೇ ಹೀಗಾದರೆ ಒಬ್ಬ ಜೂನಿಯರ್ ಎಂಜಿನಿಯರನ್ನು ನೆಚ್ಚಿಕೊಂಡ ಪುರಸಭೆ ಏನು ಮಾಡೀತು? ಸಹಿ ಹಾಕುವ ಮುಂಚೆ ಮೀಟರ್ ಓದಿ, ಕಂಬ ಎಣಿಸಿ ದಾಖಲೆ ಮಾಡಿಕೊಳ್ಳುವುದೊಂದೇ ದಾರಿ.

ಇನ್ನು ವಕೀಲರು. ಹೆಚ್ಚಿನ ಜನ ಅನುಮಾನ ಪಡುವುದು ಇಲ್ಲೇ. 'ಘಟನೋತ್ತರ ಅನುಮೋದನೆ' ಅಂತ ನಡಾವಳಿಯಲ್ಲಿ ಕಂಡರಂತೂ, ಮೊದಲೇ ನೇಮಿಸಿ ಆಮೇಲೆ ಸಭೆಯ ಮುಂದೆ ತಂದರಲ್ಲ ಅಂತ ಸಿಟ್ಟು ಬರುತ್ತೆ. ಸ್ವಲ್ಪ ತಡೆಯಿರಿ. ಸಿವಿಲ್ ಕೇಸಿನಲ್ಲಿ ಸಮನ್ಸ್ ತಲುಪಿದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ ಅವಕಾಶ. ಸಾಮಾನ್ಯ ಸಭೆ ತಿಂಗಳಿಗೊಮ್ಮೆ, ಅದೂ ಕೋರಂ (ಸಭೆಗೆ ಬೇಕಾದಷ್ಟು ಸದಸ್ಯರು) ಇದ್ದರೆ. ಸಭೆ ಮುಂದಕ್ಕೆ ಹೋಯಿತು ಅಂದರೆ ಗಡುವು ತಪ್ಪಿತು. ಅದಕ್ಕೇ ಮುಖ್ಯಾಧಿಕಾರಿ ಮೊದಲು ವಕಾಲತ್ತಿಗೆ (ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರ) ಸಹಿ ಹಾಕಿ ಆಮೇಲೆ ಒಪ್ಪಿಗೆ ಪಡೆಯುವುದುಂಟು. ವಕೀಲರೇ ಹಾಜರಾಗದೆ ಪುರಸಭೆಯ ಪಾರ್ಕ್ ಜಾಗ ಏಕಪಕ್ಷೀಯ ತೀರ್ಪಿನಲ್ಲಿ ಕೈಬಿಡುವುದಕ್ಕಿಂತ ಇದೇ ವಾಸಿ ಅಲ್ವಾ? ಸೋತ ಮೇಲೆ ಎಚ್ಚರವಾದರೂ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ ಇರುವುದು 30 ದಿನ, ಹೈಕೋರ್ಟಿಗಾದರೆ 90 ದಿನ.

ಹಾಗಾಗಿ ನನ್ನ ಪ್ರಕಾರ ವಕೀಲರ ಫೀಸಿಗಿಂತ ಮೊದಲು ನೋಡಬೇಕಾದದ್ದು ಮೂರು ತಾರೀಖು: ಸಮನ್ಸ್ ಬಂದದ್ದು, ವಕಾಲತ್ತು ಹಾಕಿದ್ದು, ಉತ್ತರ ಸಲ್ಲಿಸಿದ್ದು. ಇವುಗಳ ನಡುವೆ ತಿಂಗಳುಗಟ್ಟಲೆ ಅಂತರವಿದ್ದರೆ ಕಾರಣ ಕೇಳಿ. ಯಾವುದೋ ಸದಸ್ಯರ ಅಣ್ಣನ ಮಗ ಅನ್ನುವ ಒಂದೇ ಕಾರಣಕ್ಕೆ ಆರಿಸಿದ್ದರೆ ಅದನ್ನೂ ಕೇಳಿ. ಸರ್ಕಾರಿ ವಕೀಲರ ನೇಮಕ ನ್ಯಾಯವಾಗಿ, ಅರ್ಹತೆ ನೋಡಿ ಆಗಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬ್–ಹರಿಯಾಣದ ಪ್ರಕರಣದಲ್ಲಿ ಹೇಳಿದೆ. ಪುರಸಭೆಗೂ ಅದೇ ಒಳ್ಳೆಯ ಅಳತೆ. ಪುರಸಭೆಯ ಗುತ್ತಿಗೆಯಲ್ಲಿ ಸದಸ್ಯರೇ ಪಾಲು ಇಟ್ಟುಕೊಂಡಿದ್ದರೆ ಅವರ ಸದಸ್ಯತ್ವಕ್ಕೇ ಕುತ್ತು, ಅದು ಕಾಯ್ದೆಯಲ್ಲೇ ಇದೆ.

ಚುನಾವಣೆ ಆಗದೆ ಆಡಳಿತಾಧಿಕಾರಿ ಕೂತಿರುವ ಊರಲ್ಲಿ ಸಭೆಯ ಅಧಿಕಾರವೆಲ್ಲ ಅವರದೇ. ಅಲ್ಲಿ ನಡಾವಳಿಯ ಬದಲು ಅವರ ಆದೇಶದ ಪ್ರತಿ ಕೇಳಬೇಕು. ತೀರಾ ತಪ್ಪಾದ ನಿರ್ಣಯ ಅನ್ನಿಸಿದರೆ ಜಿಲ್ಲಾಧಿಕಾರಿಗೆ ಬರೆಯಿರಿ. ಪುರಸಭೆಯ ನಿರ್ಣಯ ಜಾರಿಯಾಗದಂತೆ ತಡೆಯುವ ಅಧಿಕಾರ ಅವರಿಗಿದೆ.

ಕಾಗದ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಕರೆಂಟ್, ದೀಪ, ವಕೀಲರು ಅಂತ ಒಂದೇ ಹಾಳೆಯಲ್ಲಿ ತುಂಬಬೇಡಿ, ವಾಪಸ್ ಬರುತ್ತೆ. ದೀಪದ್ದು ಹೀಗೆ ಬರೆದರೆ ಸಾಕು: 'ಬೀದಿ ದೀಪ ನಿರ್ವಹಣೆಯ ಚಾಲ್ತಿ ಒಪ್ಪಂದದ ಪ್ರತಿ, ಕಳೆದ ಮೂರು ತಿಂಗಳ ಬಿಲ್‌ಗಳು, ಬಿಲ್‌ನಲ್ಲಿ ಮಾಡಿದ ಕಡಿತದ ವಿವರ.' ಉತ್ತರ ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.