ಯಾರ ಕಣ್ಣಿಗೆ ಯಾರು ಲಕ್ಷಣ?

ಗಡ್ಡ ಬಿಟ್ಟ ಹುಡುಗ ಯಾರಾದರೂ ಮನೆಗೆ ಬಂದರೆ ನಮ್ಮ ಅಜ್ಜಿ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಯಾಕಪ್ಪಾ, ಮೈಗೆ ಹುಷಾರಿಲ್ವಾ?" ಅವರ ಮಟ್ಟಿಗೆ ಗಡ್ಡ ಅಂದರೆ ಕಾಯಿಲೆ. ಅದಲ್ಲದಿದ್ದರೆ ಮನೆಯಲ್ಲಿ ಸಾವು, ದೇವರ ಹರಕೆ, ಇಲ್ಲವೇ ಹೆಂಡತಿ ಬಸುರಿ. ಅದೇ ಗಡ್ಡದಲ್ಲಿ ಈಗ ನನ್ನ ಅಕ್ಕನ ಮಗಳಿಗೆ ಕಳೆ ಕಾಣುತ್ತದೆ. ಒಂದೇ ಮನೆಯ ಹೆಣ್ಣುಮಕ್ಕಳು, ಆದರೆ ನೋಡುವ ಕಣ್ಣು ಎಷ್ಟು ಬೇರೆ!

ಗಂಡಿನ ಯಾವ ಮುಖ ಹೆಣ್ಣಿಗೆ ಚೆಂದ ಕಾಣುತ್ತದೆ? ಈ ಪ್ರಶ್ನೆಗೆ ವಿಜ್ಞಾನಿಗಳ ನಡುವೆ ಬಹಳ ಕಾಲ ಒಂದು ಉತ್ತರ ಚಾಲ್ತಿಯಲ್ಲಿತ್ತು. ಅಗಲ ದವಡೆ, ಮುಂದೆ ಚಾಚಿದ ಹುಬ್ಬಿನ ಮೂಳೆ, ಗಟ್ಟಿ ಗದ್ದ ಇವೆಲ್ಲ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಗುರುತು. ಇಂಥ ಮುಖದವನು ಆರೋಗ್ಯವಂತ, ಅವನ ಮಕ್ಕಳೂ ಗಟ್ಟಿಯಾಗಿರುತ್ತಾರೆ. ಹಾಗಾಗಿ ಆದಿಕಾಲದಿಂದಲೂ ಹೆಣ್ಣು ಇಂಥವನನ್ನೇ ಮೆಚ್ಚುತ್ತಾ ಬಂದಿದ್ದಾಳೆ ಅನ್ನುವುದು ಆ ವಾದ.

ಕೇಳಲು ಸರಿಯಾಗಿಯೇ ಇದೆ. ಆದರೆ 1998ರಲ್ಲೇ ಇದಕ್ಕೆ ಪೆಟ್ಟು ಬಿತ್ತು. ಸ್ಕಾಟ್ಲೆಂಡಿನ ಡೇವಿಡ್ ಪೆರೆಟ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಗಂಡಸಿನ ಮುಖವನ್ನು ಸ್ವಲ್ಪ ಒರಟು (ಅಂದರೆ ಗಂಡುಕಳೆ ಹೆಚ್ಚು), ಸ್ವಲ್ಪ ಮೃದು (ಹೆಣ್ಣುಕಳೆ ಹೆಚ್ಚು) ಮಾಡಿ ತೋರಿಸಿದರು. ಸ್ಕಾಟ್ಲೆಂಡಿನವರೂ ಜಪಾನಿನವರೂ ಮೆಚ್ಚಿದ್ದು ಮೃದು ಮುಖವನ್ನೇ. 2010ರಲ್ಲಿ 30 ದೇಶಗಳ ಸುಮಾರು 4,800 ಹೆಂಗಸರನ್ನು ಇಂಟರ್ನೆಟ್ ಮೂಲಕ ಕೇಳಿದಾಗ ಮತ್ತೊಂದು ವಿಷಯ ಸಿಕ್ಕಿತು. ಜನರ ಆರೋಗ್ಯ ಕೆಟ್ಟಿರುವ ದೇಶಗಳಲ್ಲಿ ಒರಟು ಮುಖಕ್ಕೆ ಒಲವು ಜಾಸ್ತಿ ಇತ್ತು. ಕಾಯಿಲೆ ಹೆಚ್ಚಿರುವ ಕಡೆ ಆರೋಗ್ಯವಂತನೇ ಬೇಕಲ್ಲವೇ ಅಂತ ಹಳೆಯ ವಾದಕ್ಕೆ ಮತ್ತೆ ಜೀವ ಬಂತು.

ಆದರೆ ಉತ್ತರ ಕೊಟ್ಟವರು ಯಾರು? ಕಂಪ್ಯೂಟರ್ ಮುಂದೆ ಕೂತವರು. ಆದಿಕಾಲದಿಂದ ಬಂದ ಅಭಿರುಚಿ ಅನ್ನುವುದಾದರೆ ಟಿವಿ, ಪತ್ರಿಕೆ, ಜಾಹೀರಾತು ಅಷ್ಟಾಗಿ ಮುಟ್ಟದ ಜನರನ್ನೂ ಕೇಳಬೇಕು ಅಲ್ವಾ?

ಇಸಾಬೆಲ್ ಸ್ಕಾಟ್ ಮತ್ತು ಜೊತೆಗಾರರು ಆ ಕೆಲಸ ಮಾಡಿದರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 12 ಸಮುದಾಯಗಳ 962 ಜನರಿದ್ದರು. ಬ್ರಿಟನ್ನಿನ ವಿದ್ಯಾರ್ಥಿಗಳು, ಚೀನಾದ ನಗರದವರು ಒಂದು ಕಡೆ. ಈಕ್ವೆಡಾರಿನ ಶುವಾರ್ ಜನ, ಮಧ್ಯ ಆಫ್ರಿಕಾದ ಕಾಡಿನ ಅಕಾ ಜನ, ಸೈಬೀರಿಯಾದ ತುವಾ ಜನ ಇನ್ನೊಂದು ಕಡೆ. ಹಳೆಯ ವಾದ ನಿಜವಾಗಿದ್ದರೆ ಒರಟು ಮುಖದ ಮೋಹ ಈ ಸಣ್ಣ ಸಮುದಾಯಗಳಲ್ಲೇ ಎದ್ದು ಕಾಣಬೇಕಿತ್ತು. ಆಗಿದ್ದು ತಿರುಗಾಮುರುಗಾ. ಆ ಮೋಹ ಜಾಸ್ತಿ ಕಂಡದ್ದು ನಗರದವರಲ್ಲಿ. ಇನ್ನೂ ಒಂದು ಮಾತು: ಒರಟು ಮುಖದವನು ಜಗಳಗಂಟ ಅಂತ ಅಂದಾಜು ಮಾಡುವುದೂ ನಗರದಲ್ಲೇ ಹೆಚ್ಚು.

ಯಾಕೆ ಹೀಗೆ? ಆ ಸಂಶೋಧಕರು ಕೊಟ್ಟ ಒಂದು ವಿವರಣೆ ನನಗೆ ತುಂಬಾ ಹಿಡಿಸಿತು. ಸಣ್ಣ ಊರಿನಲ್ಲಿ ಒಬ್ಬನ ಮುಖ ನೋಡಿ ಗುಣ ಊಹಿಸುವ ಅಗತ್ಯವೇ ಇಲ್ಲ. ಅವನು ಯಾರ ಮಗ, ದುಡಿಯುತ್ತಾನಾ, ಕೈ ಎತ್ತುತ್ತಾನಾ ಎಲ್ಲ ಊರಿಗೇ ಗೊತ್ತಿರುತ್ತದೆ. ನಗರದಲ್ಲಿ ದಿನಕ್ಕೆ ನೂರಾರು ಅಪರಿಚಿತ ಮುಖ. ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಆಗ ಕಣ್ಣೇ ಲೆಕ್ಕ ಹಾಕಲು ಕಲಿಯುತ್ತದೆ: ಇಂಥ ದವಡೆ ಇದ್ದರೆ ಇಂಥ ಸ್ವಭಾವ ಅಂತ. ಆ ಲೆಕ್ಕ ಸರಿಯೋ ತಪ್ಪೋ ಬೇರೆ ಮಾತು.

ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದಲ್ಲಿ ಅದೇ ವರ್ಷ ನಡೆದ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಒಂದೇ ದೇಶದ ಜನ, ಆದರೆ ಕೆಲವರಿಗೆ ಇಂಟರ್ನೆಟ್ ಇತ್ತು, ಕೆಲವರಿಗೆ ಇರಲಿಲ್ಲ. ಇಲ್ಲದವರಿಗೆ ಹೆಚ್ಚು ಹಿಡಿಸಿದ್ದು ಮೃದು ಮುಖದ ಗಂಡಸರು.

ಮತ್ತೆ ಗಡ್ಡಕ್ಕೆ ಬರೋಣ. ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಹೆಂಗಸರಿಗೆ ಫೋಟೋಗಳ ಸಾಲು ತೋರಿಸಿದರು. ನುಣ್ಣಗೆ ಬೋಳಿಸಿದ ಮುಖಗಳೇ ತುಂಬಿದ್ದ ಸಾಲಿನಲ್ಲಿ ಗಡ್ಡದವನಿಗೆ ಅಂಕ ಏರಿತು. ಗಡ್ಡವೇ ತುಂಬಿದ್ದಾಗ ಬೋಳಿಸಿದವನಿಗೆ ಏರಿತು. ಸುತ್ತ ಏನು ಕಾಣುತ್ತಿದೆ ಅನ್ನುವುದರ ಮೇಲೆ ಕ್ಷಣಾರ್ಧದಲ್ಲಿ ರುಚಿ ಬದಲಾಯಿತು! 2007ರ ಇನ್ನೊಂದು ಪ್ರಯೋಗದಲ್ಲಿ, ಬೇರೊಬ್ಬ ಹೆಂಗಸು ನಗುತ್ತಾ ನೋಡುತ್ತಿದ್ದ ಗಂಡಸು ನೋಡುಗ ಹೆಂಗಸರಿಗೂ ಹೆಚ್ಚು ಚೆಂದ ಕಂಡ. ಗೆಳತಿಯರ ಕಣ್ಣೂ ನಮ್ಮ ಕಣ್ಣಿಗೆ ಪಾಠ ಹೇಳುತ್ತದೆ.

ಹಾಗಂತ ಸಂಸ್ಕೃತಿ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯುತ್ತದೆ ಅಂದುಕೊಳ್ಳಬೇಡಿ. 2015ರಲ್ಲಿ ಲಾರಾ ಜರ್ಮೈನ್ ಮತ್ತು ಜೆರೆಮಿ ವಿಲ್ಮರ್ ತಂಡ 547 ಜೋಡಿ ತದ್ರೂಪಿ ಅವಳಿಗಳಿಗೂ 214 ಜೋಡಿ ಸಾಮಾನ್ಯ ಅವಳಿಗಳಿಗೂ ತಲಾ 200 ಮುಖಗಳನ್ನು ತೋರಿಸಿ ಅಂಕ ಕೊಡಿಸಿತು. ವಂಶವಾಹಿ ಪೂರ್ತಿ ಒಂದೇ ಆಗಿದ್ದ ಅವಳಿಗಳ ಆಯ್ಕೆಯೂ ಬಹಳಷ್ಟು ಬೇರೆಯಾಗಿತ್ತು. ಒಂದೇ ಮನೆಯಲ್ಲಿ ಬೆಳೆದದ್ದರ ಪ್ರಭಾವವೂ ಅಷ್ಟಕ್ಕಷ್ಟೇ. ವ್ಯತ್ಯಾಸ ತಂದದ್ದು ಒಬ್ಬೊಬ್ಬರೂ ತಾವೇ ಕಂಡ ಲೋಕ: ಜೊತೆಗೆ ಓದಿದ ಗೆಳೆಯರು, ಪರದೆಯ ಮೇಲೆ ನೋಡಿದ ಮುಖಗಳು, ಬಹುಶಃ ಮೊದಲ ಸಲ ಮನಸ್ಸು ಕೊಟ್ಟವನ ಮುಖ.