ಲಾಡಿಹುಳ, ಕುರಿನಾಯಿ ಮತ್ತು ನಮ್ಮ ಅಡಿಕೆ

"ಕವಳ ಹಾಕೋರ ಹೊಟ್ಟೇಲಿ ಹುಳ ನಿಲ್ಲಲ್ಲ" ಅಂತ ಅಡಿಕೆ ಸುಲಿಯುತ್ತ ಅಜ್ಜಿ ಹೇಳುತ್ತಿದ್ದರು. ಕವಳ ಬಿಡದಿರಲು ಒಂದು ನೆಪ ಅಂದುಕೊಂಡಿದ್ದೆ. ಪೂರ್ತಿ ನೆಪವಲ್ಲ ಅಂತ ಗೊತ್ತಾದದ್ದು ಬಹಳ ತಡವಾಗಿ.

ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಯಾನ್ಸ್ ಎಂಬ ಜರ್ಮನ್ ರಸಾಯನಜ್ಞ 1888ರಲ್ಲಿ ಬೇರ್ಪಡಿಸಿದರು. ನಾಯಿಗೆ ಕೊಟ್ಟರೆ ಲಾಡಿಹುಳ ಕೈಸೋತು ಕರುಳಿನ ಹಿಡಿತ ಬಿಡುತ್ತದೆ, ಅದೇ ಹೊತ್ತಿಗೆ ಭೇದಿ ಕಿತ್ತುಕೊಂಡು ಹುಳ ಆಚೆ ಬೀಳುತ್ತದೆ. ನ್ಯೂಜಿಲೆಂಡಿನಲ್ಲಿ ಕುರಿಯ ಹಸಿ ಕರುಳು, ಯಕೃತ್ತು ತಿಂದು ಲಾಡಿಹುಳ ಹತ್ತಿಸಿಕೊಂಡ ನಾಯಿಗಳಿಂದ ಮನುಷ್ಯರಿಗೆ ಹೈಡಾಟಿಡ್ ಅಂಟುತ್ತಿತ್ತು. ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಗುಳ್ಳೆ ಬೆಳೆಯುವ ಕಾಯಿಲೆ ಅದು. ಊರಿನ ನಾಯಿಗಳನ್ನೆಲ್ಲ ಒಂದೆಡೆ ಸಾಲಾಗಿ ಕಟ್ಟಿ, ಅರೆಕೋಲಿನ್ ಕುಡಿಸಿ, ಹೊರಬಿದ್ದದ್ದರಲ್ಲಿ ಹುಳ ಹುಡುಕುತ್ತಿದ್ದರು. 2002ರಲ್ಲಿ ಆ ದೇಶ ಹೈಡಾಟಿಡ್‌ನಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಯಲ್ಲಿ ಆ ಕಾಯಿಲೆ ಇವತ್ತಿಗೂ ಇದೆ.

ಆದರೆ ಪ್ರಮಾಣ ಚೂರು ತಪ್ಪಿದರೂ ನಾಯಿ ಜೊಲ್ಲು ಸುರಿಸಿ, ವಾಂತಿ ಮಾಡಿ ಕುಸಿಯುತ್ತಿತ್ತು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಹುಳದ ಮದ್ದು ಬಂದಿತು, ಅರೆಕೋಲಿನ್ ಮೂಲೆ ಸೇರಿತು. ಇನ್ನು ಅಜ್ಜಿಯ ಕವಳ: ಸುಣ್ಣ ಸೇರಿದೊಡನೆ ಅರೆಕೋಲಿನ್‌ನ ಬಹುಪಾಲು ಅರೆಕೈಡಿನ್ ಆಗಿಬಿಡುತ್ತದೆ, ಅದಕ್ಕೆ ಆ ಕಸುವಿಲ್ಲ. ಮೇಲಾಗಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿದೆ. ಅಡಿಕೆ ಬೆಳೆದು ಉಣ್ಣುವ ಮನೆಯವನಾಗಿ ಇದನ್ನು ಬರೆಯುವುದು ನನಗೇನೂ ಖುಷಿಯಲ್ಲ.

ಹಾಗಂತ ಹುಡುಕಾಟ ನಿಂತಿಲ್ಲ. ಬಡವರ ಕಾಯಿಲೆಗೆ ಹೊಸ ಔಷಧಿ ಮಾಡಿದರೆ ಕಂಪನಿಗಳಿಗೆ ಲಾಭವಿಲ್ಲ. ಇರುವ ಅಲ್ಬೆಂಡಜೋಲ್ ಗುಂಪಿನ ಮಾತ್ರೆಗಳಿಗೆ ಕುರಿಗಳ ಜಂತುಗಳು ಆಗಲೇ ಬಗ್ಗುತ್ತಿಲ್ಲ. ಹಾಗಾಗಿ ವಾಯುವಿಳಂಗ, ಮುತ್ತುಗದ ಬೀಜದಂಥ ಹಳೇ ಮದ್ದುಗಳ ಸಾರ ತೆಗೆದು ನೋಡುತ್ತಾರೆ. ನೋಡುವುದು ಬಹುತೇಕ ಎರೆಹುಳದ ಮೇಲೆ, ಅಗ್ಗಕ್ಕೆ ಸಿಗುತ್ತದಲ್ಲ! ತಟ್ಟೆಯಲ್ಲಿ ಸಾರ, ಅದರಲ್ಲಿ ಐದಾರು ಹುಳ, ಪಕ್ಕದಲ್ಲಿ ಗಡಿಯಾರ. ಹುಳ ಅಲುಗದಾದಾಗ ಒಂದು ಸಮಯ ಬರೆದುಕೊಳ್ಳುತ್ತಾರೆ. ಆಮೇಲೆ ಬಿಸಿನೀರಿಗೆ ಹಾಕಿದರೂ ಮಿಸುಕದಿದ್ದರೆ ಸತ್ತಿತೆಂದು ಇನ್ನೊಂದು ಸಮಯ.

ನನ್ನ ತಕರಾರು ಇಲ್ಲಿದೆ. ಎರೆಹುಳ ಪರಾವಲಂಬಿಯಲ್ಲ, ಮಣ್ಣಿನದು. ಎಷ್ಟೋ ತೊಗಟೆ-ಬೀಜಗಳ ಸಾರದಲ್ಲಿ ಟ್ಯಾನಿನ್ ಎಂಬ ಒಗರು ಅಂಶ ತುಂಬಿರುತ್ತದೆ, ಅದು ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಅಡಿಕೆ ಬೇಯಿಸಿದ ಗಟ್ಟಿ ಚೊಗರಿಗೆ ಎರೆಹುಳ ಬಿಟ್ಟರೆ ಅದೂ ಸತ್ತೀತು, ಚೊಗರು ಔಷಧಿಯಾದೀತೆ? ಕೆಲಸ ಮಾಡಿದ ಅಣು ಯಾವುದು, ರಕ್ತಕ್ಕೆ ಹೋಗುವಷ್ಟು ಸಣ್ಣ ಪ್ರಮಾಣದಲ್ಲೂ ಅದಕ್ಕೆ ಬಲವಿದೆಯೇ, ಮನುಷ್ಯರ ಜೀವಕೋಶವನ್ನೂ ಕೊಲ್ಲುತ್ತದೆಯೇ ಎಂದು ನೋಡಲು ದುಡ್ಡು ಬೇಕು, ವರ್ಷಗಳು ಬೇಕು. ಅಷ್ಟರಲ್ಲಿ ಎರೆಹುಳದ ಪರೀಕ್ಷೆ ಮಾಡಿದ ವಿದ್ಯಾರ್ಥಿನಿ ಪ್ರಬಂಧ ಒಪ್ಪಿಸಿ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತಾಳೆ. ಅವಳ ಕೈಬರಹದ ಚೀಟಿ ಅಂಟಿಸಿದ ಸೀಸೆ ಲ್ಯಾಬಿನ ಫ್ರಿಜ್ಜಿನಲ್ಲಿ ಉಳಿಯುತ್ತದೆ.