ಐದು ಪರ್ಸೆಂಟ್ ಸರಿ, ಯಾವುದರ ಮೇಲೆ?

"ಸರ್, ಐದು ಪರ್ಸೆಂಟ್‌ಗೆ ಒಪ್ಸಿದೀನಿ, ಅವ್ರು ಮೂರು ಅಂದಿದ್ರು." ತಮ್ಮ ಪೇಟೆಂಟನ್ನ ಕಂಪನಿಗೆ ಕೊಟ್ಟ ಆವಿಷ್ಕಾರಕರು ಒಳಗೆ ಬಂದು ಕೂರೋಕೂ ಮುಂಚೆ ರಾಯಲ್ಟಿ, ಅಂದ್ರೆ ಅದನ್ನ ಬಳಸೋಕೆ ಕಂಪನಿ ಕೊಡೋ ಪಾಲು, ಅದರ ಬಗ್ಗೆ ಹೇಳೋ ಮಾತು ಇದು. ಯಾವುದರ ಐದು ಪರ್ಸೆಂಟ್ ಅಂತ ನಾನು ಕೇಳ್ತೀನಿ. "ಮಾರಾಟದ ಮೇಲೆ ಸರ್, ಇನ್ನೇನು" ಅಂತಾರೆ. ಅಗ್ರಿಮೆಂಟ್ ತೆಗೆದು ನೋಡಿದ್ರೆ ಅಲ್ಲಿ ಮಾರಾಟ ಅಂತ ಇರಲ್ಲ, ನೆಟ್ ಸೇಲ್ಸ್ ಅಂತ ಇರತ್ತೆ, ಆ ನೆಟ್ ಸೇಲ್ಸ್ ಅಂದ್ರೆ ಏನು ಅನ್ನೋದು ಎಲ್ಲೋ ಹನ್ನೊಂದನೇ ಪುಟದಲ್ಲಿ ಇರತ್ತೆ, ಅಲ್ಲೀವರೆಗೆ ಯಾರೂ ಓದಿರಲ್ಲ. ಪೇಟೆಂಟ್ ಏಜೆಂಟ್ ಆಗಿ ಹದಿನಾರು ವರ್ಷದಿಂದ ಇದೇ ಪುಟ ತೆಗೆದು ತೋರಿಸ್ತಾ ಇದೀನಿ. ಸಹಿ ಆದ್ಮೇಲೆ ತೋರಿಸೋದಕ್ಕೆ ನಿಜವಾಗ್ಲೂ ಸಂಕಟ ಆಗತ್ತೆ, ಅದಕ್ಕೇ ಬರೀತಿದೀನಿ.

ಫೈಲ್ ಮಾಡೋಕೆ ಮುಂಚೆ ಯಾರಿಗೂ ತೋರಿಸಬಾರ್ದು, ಪೇಟೆಂಟ್ ಇಪ್ಪತ್ತು ವರ್ಷ, ಅದೂ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಇವೆಲ್ಲ ಈಗ ಎಲ್ರಿಗೂ ಗೊತ್ತು, ಬಿಡಿ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ರು, ಐಟಿಐ ಓದಿದವರು, ಅಡಿಕೆ ಸುಲಿಯೋ ಮಷಿನ್‌ಗೆ ಒಂದು ಹೊಸ ಬ್ಲೇಡ್ ಜೋಡಣೆ ಕಂಡುಹಿಡಿದ್ರು. ಕಾಯಿ ಸಣ್ಣದಿರ್ಲಿ ದಪ್ಪದಿರ್ಲಿ ಒಳಗಿನ ಅಡಿಕೆ ಒಡೀತಿರ್ಲಿಲ್ಲ. ಒಳ್ಳೇ ಕೆಲಸ, ನಾನೇ ಅವರ ಶೆಡ್‌ಗೆ ಹೋಗಿ ನೋಡಿದೀನಿ. ಪೇಟೆಂಟ್ ಬಂತು. ಒಂದು ಕಂಪನಿ ಜೊತೆ ತಾವೇ ಮಾತಾಡಿ, ಐದು ಪರ್ಸೆಂಟ್ ಅಂತ ಸಹಿ ಹಾಕಿ, ಆಮೇಲೆ ಸ್ವೀಟ್ ಬಾಕ್ಸ್ ತಗೊಂಡು ನನ್ನ ಹತ್ರ ಬಂದ್ರು. ಅಂಗಡೀಲಿ ಆ ಮಷಿನ್ ಜಿಎಸ್‌ಟಿ ಬಿಟ್ಟು 60,000 ರೂಪಾಯಿ. ಒಂದು ಮಷಿನ್‌ಗೆ 3,000 ಬರತ್ತೆ ಅಂತ ಅವರು ಲೆಕ್ಕ ಹಾಕಿದ್ರು, ಮಗಳ ಫೀಸೂ ಆ ಲೆಕ್ಕದಲ್ಲೇ ಇತ್ತು. ಮೊದಲ ಸ್ಟೇಟ್‌ಮೆಂಟ್ ಬಂದಾಗ ಮಷಿನ್‌ಗೆ 750.

ಹೆಂಗೆ ಅಂದ್ರೆ, ತಯಾರು ಮಾಡೋ ಕಂಪನಿ ಮಷಿನನ್ನ ನೇರ ಅಂಗಡಿಗೆ ಮಾರ್ತಿರ್ಲಿಲ್ಲ. ಅದೇ ಮನೆಯವರ ಇನ್ನೊಂದು ಮಾರ್ಕೆಟಿಂಗ್ ಕಂಪನಿ ಇತ್ತು, ಅದಕ್ಕೆ 28,000ಕ್ಕೆ ಬಿಲ್ ಮಾಡ್ತಿದ್ರು. ಅಗ್ರಿಮೆಂಟ್ ಪ್ರಕಾರ ಅದೇ ಮಾರಾಟ. ಅದರಲ್ಲಿ ಕಮಿಷನ್ 4,000 ಕಳೆದ್ರು, ಸಾಗಾಟ 1,500, ವಾರಂಟಿಗೆ ಅಂತ 500. ಮೋಟರ್ ನಾವು ಹೊರಗಿಂದ ಕೊಂಡು ಹಾಕೋದು, ಅದು ನಿಮ್ಮ ಆವಿಷ್ಕಾರ ಅಲ್ಲ ಅಂತ 7,000. ಉಳಿದದ್ದು 15,000, ಅದರ ಐದು ಪರ್ಸೆಂಟ್ 750. ಪ್ರತಿ ಸೀಸನ್‌ಗೂ ಸವೆದು ಹೋಗೋ ಬ್ಲೇಡು, ಅಂದ್ರೆ ಇಡೀ ಮಷಿನಲ್ಲಿ ನಿಜವಾಗಿ ಇವರದ್ದು ಅನ್ನೋ ಭಾಗ, ಅದು ಸ್ಪೇರ್ ಪಾರ್ಟ್ ಅಂತ ಲೆಕ್ಕಕ್ಕೇ ಇಲ್ಲ. ಇದರಲ್ಲಿ ಒಂದೂ ಮೋಸ ಅಂತ ನಾನು ಹೇಳೋಕಾಗಲ್ಲ, ಎಲ್ಲವೂ ಬರೆದಿತ್ತು, ಕೆಳಗೆ ಇವರ ಸಹಿ ಇತ್ತು. ಮೂರು ಪರ್ಸೆಂಟ್‌ಗೇ ಒಪ್ಪಿ, ಹೊರಗಿನ ಗಿರಾಕಿ ಕೊಡೋ ಬೆಲೆ ಮೇಲೆ ಅಂತ ಬರೆಸಿದ್ರೆ 1,800 ಬರ್ತಿತ್ತು.

ನನಗೆ ಜಾಸ್ತಿ ಬೇಜಾರಾಗಿದ್ದು ಇದೇ ಮನುಷ್ಯ ಖೇಣಿ, ಅಂದ್ರೆ ಫಸಲು ಗುತ್ತಿಗೆ, ವಿಷಯದಲ್ಲಿ ಎಷ್ಟು ಹುಷಾರು ಅಂತ ನೋಡಿದಾಗ. ಅವರ ಕಡೆ ತೋಟದ ಫಸಲನ್ನ ಖೇಣಿಗೆ ಕೊಡ್ತಾರಲ್ಲ, ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕೆಜಿ ಒಣ ಅಡಿಕೆ ಅಂತ ಮಾತಾಡಿ, ಆಗ ಇವರು ತಮ್ಮ ಕಣ್ಣೆದುರೇ ತೂಕ ಹಾಕಿಸ್ತಾರೆ, ಚೀಲದ ತೂಕ ಎಷ್ಟು ಕಳೀಬೇಕು ಅಂತ ಮೊದಲೇ ಮಾತಾಗಿರತ್ತೆ, ಪ್ರತಿ ತೂಕ ತಮ್ಮ ನೋಟ್‌ಬುಕ್ಕಲ್ಲೂ ಬರ್ಕೋತಾರೆ. ಖೇಣಿದಾರ ಬೇಕಾದ್ದು ಕಳೆದು ಮಿಕ್ಕಿದ್ದಕ್ಕೆ ಲೆಕ್ಕ ಕೊಡ್ತೀನಿ ಅಂದ್ರೆ ತೋಟದ ಗೇಟೂ ದಾಟಿಸಲ್ಲ. ರಾಯಲ್ಟಿ ಅಂದ್ರೂ ಅದೇ ಸ್ವಾಮಿ. ತೂಕ ಎಲ್ಲಿ, ಏನೇನು ಕಳೀಬಹುದು, ಲೆಕ್ಕ ಯಾರ ಕೈಲಿ. ಪರ್ಸೆಂಟ್ ಮಾತು ಇವು ಮೂರೂ ಮುಗಿದ್ಮೇಲೆ ಬರ್ಬೇಕು.

ಹಂಗಾಗಿ ನಾನು ಬರೆಸೋದು ಏನು ಅಂದ್ರೆ, ಕಂಪನಿಗೂ ಅದರ ಮಾಲೀಕರಿಗೂ ಸಂಬಂಧ ಇಲ್ಲದ ಮೊದಲನೇ ಖರೀದಿದಾರನಿಗೆ ಹಾಕಿದ ಬಿಲ್ಲೇ ಮಾರಾಟ. ಅದರಲ್ಲಿ ಜಿಎಸ್‌ಟಿ ಮತ್ತು ವಾಪಸ್ ಬಂದ ಮಾಲು ಕಳೀಬಹುದು, ಬೇರೆ ಏನೂ ಕಳಿಯೋಹಾಗಿಲ್ಲ. "ಇತ್ಯಾದಿ ಖರ್ಚುಗಳು" ಅನ್ನೋ ಪದ ಕಂಡ್ರೆ ಹೊಡೆದು ಹಾಕಿ. ಬಿಡಿಭಾಗ ಸೇರತ್ತೆ ಅಂತ ಬಿಡಿಸಿ ಬರೀರಿ. ಎರಡು ಮೂರು ಐಟಂ ಸೇರಿಸಿ ಪ್ಯಾಕೇಜ್ ಮಾಡಿ ಮಾರಿದ್ರೆ ನಿಮ್ಮ ಪಾಲು ಹೆಂಗೆ ಅನ್ನೋದೂ ಬೇಕು. ಸಣ್ಣ ಆವಿಷ್ಕಾರಕರಿಗೆ ಎಷ್ಟೋ ಸಲ ಪರ್ಸೆಂಟೇ ಬೇಡ ಅಂತೀನಿ, ಮಷಿನ್ ಒಂದಕ್ಕೆ ಇಷ್ಟು ರೂಪಾಯಿ, ವರ್ಷಾವರ್ಷ ಇಷ್ಟು ಏರಿಕೆ, ಪ್ರತಿ ಮಷಿನ್‌ಗೂ ಸೀರಿಯಲ್ ನಂಬರ್. ಎಣಿಸೋದು ಸುಲಭ, ಕಳಿಯೋದು ಕಷ್ಟ. ಔಷಧಿ, ಸಾಫ್ಟ್‌ವೇರ್ ಥರದ್ದಕ್ಕೆ ಇದು ಹೊಂದಲಿಕ್ಕಿಲ್ಲ, ಒಂದೊಂದು ಕೇಸೂ ಬೇರೆ. ನಾನು ವಕೀಲ ಅಲ್ಲ, ಸಹಿಗೆ ಮುಂಚೆ ಒಪ್ಪಂದದ ಕೆಲಸ ಗೊತ್ತಿರೋ ವಕೀಲರಿಗೂ ತೋರಿಸಿ.

ಲೆಕ್ಕ ಯಾರ ಕೈಲಿ ಅನ್ನೋದು ಇವತ್ತಿನ ತಲೆನೋವಲ್ಲ. ಜೇಮ್ಸ್ ವ್ಯಾಟ್ 1769ರಲ್ಲಿ ತಾನು ಸುಧಾರಿಸಿದ ಉಗಿ ಎಂಜಿನ್‌ಗೆ ಪೇಟೆಂಟ್ ತಗೊಂಡ, ಪಾರ್ಲಿಮೆಂಟ್ ಅದನ್ನ 1800ರವರೆಗೆ ವಿಸ್ತರಿಸ್ತು. ವ್ಯಾಟ್ ಮತ್ತು ಅವನ ಪಾಲುದಾರ ಬೋಲ್ಟನ್ ಗಣಿ ಮಾಲೀಕರ ಹತ್ರ ಕೇಳಿದ್ದು ಹಳೇ ನ್ಯೂಕಾಮನ್ ಎಂಜಿನ್‌ಗಿಂತ ಎಷ್ಟು ಕಲ್ಲಿದ್ದಲು ಉಳೀತೋ ಅದರ ಬೆಲೆಯ ಮೂರನೇ ಒಂದು ಭಾಗ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಿಗೆ ಕಲ್ಲಿದ್ದಲು ಹಡಗಲ್ಲಿ ಬರ್ಬೇಕಿತ್ತು, ದುಬಾರಿ, ಉಳಿತಾಯ ಅಂದ್ರೆ ದೊಡ್ಡ ಮೊತ್ತಾನೇ. ಆದ್ರೆ ಎಂಜಿನ್ ಎಷ್ಟು ಓಡ್ತು ಅಂತ ಗಣಿಯವರ ಬಾಯಿ ಮಾತು ನಂಬಲಿಲ್ಲ, ಎಂಜಿನ್‌ಗೇ ಎಣಿಸೋ ಯಂತ್ರ ಹಾಕಿ ಅದನ್ನ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ರು. ಅಷ್ಟಾದ್ರೂ ಜಗಳ ತಪ್ಪಲಿಲ್ಲ, ಎಷ್ಟೋ ಕಡೆ ವರ್ಷಕ್ಕೆ ಇಷ್ಟು ಅಂತ ಫಿಕ್ಸ್ ಮಾಡ್ಕೋಬೇಕಾಯ್ತು. ನಿಮ್ಮ ಅಗ್ರಿಮೆಂಟಲ್ಲಿ ಆ ಪೆಟ್ಟಿಗೆ ಅಂದ್ರೆ ಆಡಿಟ್ ಷರತ್ತು, ವರ್ಷಕ್ಕೊಮ್ಮೆ ನಿಮ್ಮ ಸಿಎ ಹೋಗಿ ಅವರ ಬಿಲ್ ಪುಸ್ತಕ ನೋಡೋ ಹಕ್ಕು. ಸೂಪರ್ ಸೋಕರ್ ಅನ್ನೋ ನೀರಿನ ಗನ್ ಕಂಡುಹಿಡಿದ ಅಮೆರಿಕದ ಲಾನಿ ಜಾನ್ಸನ್, ನಾಸಾದಲ್ಲಿ ಕೆಲಸ ಮಾಡಿದ ಎಂಜಿನಿಯರ್, ಅಂಥವರೂ ರಾಯಲ್ಟಿ ಕಮ್ಮಿ ಬಂದಿದೆ ಅಂತ ಆರ್ಬಿಟ್ರೇಷನ್‌ಗೆ, ಅಂದ್ರೆ ಕೋರ್ಟಿನ ಹೊರಗಿನ ಮಧ್ಯಸ್ಥಿಕೆಗೆ, ಹೋಗ್ಬೇಕಾಯ್ತು, 2013ರಲ್ಲಿ ಸುಮಾರು 7.3 ಕೋಟಿ ಡಾಲರ್ ಕೊಡ್ಬೇಕು ಅಂತ ತೀರ್ಪು ಬಂತು. ಅಷ್ಟು ದೂರ ಹೋಗೋ ಶಕ್ತಿ ನಮ್ಮ ಕಡೆಯವರಲ್ಲಿ ಎಷ್ಟು ಜನಕ್ಕಿದೆ?

ಇನ್ನೆರಡು ವಿಷಯ ಬೇಗ ಹೇಳ್ತೀನಿ. ಒಬ್ಬರಿಗೇ ಎಕ್ಸ್‌ಕ್ಲೂಸಿವ್ ಕೊಡೋದಾದ್ರೆ ವರ್ಷಕ್ಕೆ ಕನಿಷ್ಠ ಇಷ್ಟು ಅಂತ ಇರ್ಲೇಬೇಕು, ಅವರು ಮಾಡ್ಲಿ ಬಿಡ್ಲಿ, ಇಲ್ಲಾಂದ್ರೆ ನಿಮ್ಮ ಪೇಟೆಂಟ್ ಕಪಾಟಲ್ಲಿಟ್ಟು ಹಳೇ ಮಷಿನ್ನೇ ಮಾರ್ತಾರೆ. ಮತ್ತೆ ಬಾಯಿ ಮಾತಿನ ಲೈಸೆನ್ಸ್ ಕಾನೂನಲ್ಲಿ ನಿಲ್ಲಲ್ಲ, ಪೇಟೆಂಟ್ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಬರವಣಿಗೇಲಿ ಇರ್ಬೇಕು, ಪೇಟೆಂಟ್ ಆಫೀಸಲ್ಲಿ ನೋಂದಾಯಿಸ್ಲೂಬೇಕು. ತೆರಿಗೆ ಬಗ್ಗೆ ನಿಮ್ಮ ಆಡಿಟರ್‌ನ ಕೇಳಿ.

ಚನ್ನಗಿರಿಯವರ ಅಗ್ರಿಮೆಂಟಲ್ಲಿ ಆಡಿಟ್ ಷರತ್ತು ಇರ್ಲಿಲ್ಲ. ಎರಡು ಸಲ ಮಾತುಕತೆ ಆಗಿ ಬ್ಲೇಡನ್ನ ಲೆಕ್ಕಕ್ಕೆ ಸೇರಿಸಿದ್ರು, ಉಳಿದದ್ದು ಹಂಗೇ ಇದೆ. ಹೋದ ತಿಂಗಳು ಮತ್ತೆ ಬಂದಿದ್ರು, ಅಡಿಕೆ ಬೇಯಿಸೋ ಹಂಡೆಗೆ ಸೌದೆ ಉಳಿಸೋ ಒಲೆ ಮಾಡಿದಾರೆ. ಪ್ರಾವಿಷನಲ್, ಅಂದ್ರೆ ತಾತ್ಕಾಲಿಕ ಪೇಟೆಂಟ್ ಅರ್ಜಿ, ಹಾಕಿದೀವಿ, ಪೂರ್ತಿ ಅರ್ಜಿಗೆ ಹನ್ನೆರಡು ತಿಂಗಳು ಟೈಮ್ ಇದೆ. ವ್ಯಾಟ್ ಕಥೆ ಕೇಳಿ ಅವರಿಗೂ ಉಳಿದ ಸೌದೆ ಮೇಲೆ ಪಾಲು ಕೇಳೋಣ ಅನ್ನಿಸ್ತು, ನಾನು ಬೇಡ ಅಂದೆ, ಮನೆಮನೆಗೆ ಹೋಗಿ ಸೌದೆ ತೂಗೋರು ಯಾರು. ಒಲೆಗೆ ಇಷ್ಟು ಅಂತ ರೂಪಾಯಿ ಲೆಕ್ಕದಲ್ಲೇ ಡ್ರಾಫ್ಟ್ ಮಾಡಿದೀವಿ, ಪ್ರತಿ ಒಲೆಗೂ ನಂಬರ್ ಪ್ಲೇಟು, ಪ್ಲೇಟ್ ಮಾಡ್ಸಿ ಕೊಡೋದು ಇವರೇ. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ.